ಮಿಲ್ಲು ಹೋದ ಮೇಲೆ ಉಳಿದ ಪೇಟೆ

ಬಟ್ಟೆ ನೆಯ್ದ ನೆಲದ ಮೇಲೆ ಬಾನೆತ್ತರದ ಮನೆಗಳು ಎದ್ದು ನಿಂತಿವೆ. ನೆಯ್ದವರ ಸೊಸೆಯರು ಆ ಮನೆಗಳಲ್ಲಿ ಪಾತ್ರೆ ಬೆಳಗುತ್ತಾರೆ. ಮೊಮ್ಮಕ್ಕಳು ಮುಂದಿನ ಬಾಡಿಗೆಗೆ ಅಂಜುತ್ತಾರೆ. ದೇಶದ ಸಂವಿಧಾನದ ಚರಿತ್ರೆಗೆ ಹೆಸರು ಕೊಟ್ಟ ಗಿರಣಿಯ ನೆರೆಯಲ್ಲಿ ನೆಲೆಸಿರುವ ಗುಮ್ಮಘಟ್ಟ ಮೂಲದವರೊಬ್ಬರು ಕಂಡ ಬಿನ್ನಿಪೇಟೆ.

ಶ್ರಾವಣದ ಮುಂಜಾವು; ಇನ್ನೂ ಆರು ಗಂಟೆಯಾಗಿಲ್ಲ. ಬೆಂಗಳೂರಿನ ಬಿನ್ನಿಪೇಟೆಯ ಇಕ್ಕಟ್ಟಾದ ಓಣಿಯಲ್ಲಿ, ಹೊಸ್ತಿಲಿಗೆ ನೀರು ಚಿಮುಕಿಸಿ ರಂಗೋಲಿಯ ಕೊನೆಯ ಎಳೆಯನ್ನು ಮುಗಿಸಿದ ಹೆಂಗಸರು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಒಬ್ಬರನ್ನೊಬ್ಬರು ಕೂಗಿ ಕರೆಯುತ್ತ, ಓಣಿಯ ತುದಿಗೆ ಮುಗಿಲು ಮುಟ್ಟುವಂತೆ ನಿಂತಿರುವ ಬಹುಮಹಡಿ ಸೌಧಗಳ ಪಕ್ಕದ ಗೇಟಿನ ಕಡೆಗೆ ಸರಸರನೆ ನಡೆಯುತ್ತಾರೆ.

ಗೇಟಿನಲ್ಲಿ ಕಾವಲುಗಾರನು ಒಬ್ಬೊಬ್ಬರ ಗುರುತಿನ ಚೀಟಿಯನ್ನೂ ನೋಡಿ ಒಳಗೆ ಬಿಡುತ್ತಾನೆ. ಸರದಿಯಲ್ಲಿ ನಿಂತಿದ್ದ ಒಬ್ಬಾಕೆ ಪಕ್ಕದವಳಿಗೆ ಹೇಳಿದ ಮಾತು ಈಗಲೂ ನನ್ನ ಕಿವಿಯಲ್ಲಿದೆ: "ನಮ್ ಮಾವನೋರು ಇದೇ ಜಾಗಕ್ಕೆ ಮಗ್ಗದ ಕೆಲಸಕ್ಕೆ ಬರ್ತಿದ್ರಂತೆ ಕಣಕ್ಕ. ನಾನು ಪಾತ್ರೆ ಕೆಲಸಕ್ಕೆ ಬರ್ತಿದೀನಿ."

ಆಕೆ ಅದನ್ನು ದೂರಿನಂತೆ ಹೇಳಲಿಲ್ಲ. ಇದ್ದ ಸಂಗತಿಯನ್ನು ಇದ್ದಂತೆ ಹೇಳಿದಳು. ಆದರೆ ಒಂದು ಬಡಾವಣೆಯ ನೂರು ವರ್ಷಗಳ ಇತಿಹಾಸವೆಲ್ಲ ಆ ಎರಡು ವಾಕ್ಯಗಳಲ್ಲಿ ಅಡಗಿದೆ.

ತೀರ್ಪು ಉಳಿಯಿತು, ಗಿರಣಿ ಹೋಯಿತು

ಮಿನರ್ವ ಮಿಲ್ಸ್ ಪ್ರಕರಣದ ತೀರ್ಪು 1980ರ ಜುಲೈ 31ರದು. ಕಾನೂನು ಓದುವ ಯಾವ ವಿದ್ಯಾರ್ಥಿಯೂ ಈ ಹೆಸರನ್ನು ಕೇಳದೆ ಪರೀಕ್ಷೆಯನ್ನು ದಾಟಲಾರನು. ಆದರೆ ಆ ಹೆಸರಿನ ಹಿಂದೆ ಒಂದು ನಿಜವಾದ ಗಿರಣಿಯಿತ್ತು, ಅದು ಬಿನ್ನಿಪೇಟೆಯ ನೆರೆಯಲ್ಲಿ ಮಾಗಡಿ ರಸ್ತೆಯ ಕಡೆಗೆ ಹೊಗೆ ಉಗುಳುತ್ತ ನಿಂತಿದ್ದಿತು, ಅದರಲ್ಲಿ ಪಾಳಿಯ ಮೇಲೆ ಪಾಳಿ ಮನುಷ್ಯರು ದುಡಿಯುತ್ತಿದ್ದರು ಎಂಬುದನ್ನು ನೆನೆಯುವವರು ವಿರಳ.

ನಷ್ಟದಲ್ಲಿದ್ದ ಆ ಗಿರಣಿಯ ಆಡಳಿತವನ್ನು ಕೇಂದ್ರ ಸರಕಾರವು 1971ರ ಅಕ್ಟೋಬರಿನಲ್ಲಿ ತನ್ನ ವಶಕ್ಕೆ ತೆಗೆದುಕೊಂಡಿತು. 1974ರ ಕಾಯಿದೆಯ ಮೂಲಕ ಅದನ್ನು ರಾಷ್ಟ್ರೀಕರಣಗೊಳಿಸಿತು. ಮಾಲೀಕರು ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿದರು. ಅವರ ಪರವಾಗಿ ನಾನಿ ಪಾಲ್ಖಿವಾಲಾ ಅವರು ವಾದಿಸಿದ್ದು ಒಂದು ಗಿರಣಿಯ ಹಕ್ಕಿಗಿಂತ ಬಹಳ ದೊಡ್ಡ ವಿಷಯವನ್ನು: ಸಂವಿಧಾನವನ್ನು ತಿದ್ದುವ ಅಧಿಕಾರಕ್ಕೆ ಎಲ್ಲೆಯೇ ಇಲ್ಲವೆಂದು ಸಂಸತ್ತು ತಾನೇ ಸಾರಿಕೊಳ್ಳಬಹುದೇ ಎಂಬುದನ್ನು. ಕೂಡದೆಂದು ನ್ಯಾಯಪೀಠವು ತೀರ್ಮಾನಿಸಿತು.

ತತ್ತ್ವ ಗೆದ್ದಿತು, ಗಿರಣಿ ಮಾತ್ರ ಮಾಲೀಕರಿಗೆ ಮರಳಲಿಲ್ಲ. ರಾಷ್ಟ್ರೀಕರಣದ ಕಾಯಿದೆಯನ್ನು ನ್ಯಾಯಾಲಯವು 1986ರಲ್ಲಿ ಎತ್ತಿಹಿಡಿಯಿತು. ಮುಂದೆ ಕಾರ್ಮಿಕರಿಗೂ ಗಿರಣಿ ಉಳಿಯಲಿಲ್ಲ. ಪುಸ್ತಕದಲ್ಲಿ ಹೆಸರು ಅಮರವಾಗಿದೆ. ನೆಲದ ಮೇಲೆ ಆ ಹೆಸರನ್ನು ಹುಡುಕಿಕೊಂಡು ಹೋಗುವವನಿಗೆ ದಾರಿ ತೋರಿಸಬಲ್ಲವರು ಆಟೋ ಓಡಿಸುವ ಹಳೆಯ ತಲೆಗಳು ಮಾತ್ರ.

[ಚೌಕಟ್ಟು] ಕಾಸರಗೋಡಿನಿಂದ ಮಾಗಡಿ ರಸ್ತೆಗೆ
*ಸಂವಿಧಾನಕ್ಕೆ ಒಂದು 'ಮೂಲ ಸ್ವರೂಪ'ವಿದೆ, ಅದನ್ನು ತಿದ್ದುಪಡಿಯಿಂದ ಅಳಿಸಲಾಗದು ಎಂಬ ಸಿದ್ಧಾಂತವು ರೂಪುಗೊಂಡದ್ದು 1973ರ ಏಪ್ರಿಲ್ 24ರಂದು, ಕೇಶವಾನಂದ ಭಾರತಿ ಪ್ರಕರಣದಲ್ಲಿ. ಅದರ ಅರ್ಜಿದಾರರು ಕಾಸರಗೋಡಿನ ಎಡನೀರು ಮಠದ ಸ್ವಾಮಿಗಳು. 13 ನ್ಯಾಯಾಧೀಶರಲ್ಲಿ ಏಳು ಮಂದಿಯ ಬಹುಮತದಿಂದ ಬಂದ ಆ ಸಿದ್ಧಾಂತವನ್ನು ಗಟ್ಟಿಗೊಳಿಸಿ, 42ನೆಯ ತಿದ್ದುಪಡಿಯ 4 ಮತ್ತು 55ನೆಯ ಪ್ರಕರಣಗಳನ್ನು ರದ್ದುಮಾಡಿದ್ದು 1980ರ ಮಿನರ್ವ ಮಿಲ್ಸ್ ತೀರ್ಪು. ಒಂದು ಕನ್ನಡ ನಾಡಿನ ಅಂಚಿನ ಮಠ, ಇನ್ನೊಂದು ಬೆಂಗಳೂರಿನ ಹತ್ತಿಗಿರಣಿ.*

ಹೊಗೆಗೊಳವೆಯ ಊರು

ಬೆಂಗಳೂರನ್ನು ಗಣಕಯಂತ್ರದ ನಗರವೆಂದು ಮಾತ್ರ ಬಲ್ಲವರಿಗೆ, ಅದು ಅದಕ್ಕಿಂತ ನೂರು ವರ್ಷ ಮೊದಲೇ ಯಂತ್ರಗಳ ನಗರವಾಗಿದ್ದಿತೆಂಬುದು ಸೋಜಿಗವಾಗಿ ಕಂಡೀತು. ರೈಲು 1864ರಲ್ಲಿಯೇ ದಂಡುಪ್ರದೇಶಕ್ಕೆ ಬಂದಿದ್ದಿತು. 1880ರ ದಶಕದ ಆರಂಭದಲ್ಲಿ ಮೈಸೂರಿನ ದಾರಿಯೂ ತೆರೆಯಿತು. ಚಾಮರಾಜೇಂದ್ರ ಒಡೆಯರ ಆಳ್ವಿಕೆಯಲ್ಲಿ, ಶೇಷಾದ್ರಿ ಅಯ್ಯರ್ ದಿವಾನರಾಗಿದ್ದ 1884ರಲ್ಲಿ, ಎರಡು ಗಿರಣಿಗಳು ಬಹುತೇಕ ಜೊತೆಜೊತೆಯಾಗಿ ಹುಟ್ಟಿದವು: ಒಂದು ಮಲ್ಲೇಶ್ವರದ ಅಂಚಿನ ಮೈಸೂರು ಸ್ಪಿನ್ನಿಂಗ್ ಕಂಪನಿ, ಜನರ ಬಾಯಲ್ಲಿ ರಾಜಾಮಿಲ್ಲು, ಇನ್ನೊಂದು ಅರಳೆಪೇಟೆಯ ಆಚೆಯ ಉಣ್ಣೆ, ಹತ್ತಿ ಮತ್ತು ರೇಷ್ಮೆಯ ಗಿರಣಿ.

ಎರಡನೆಯದು ಕೆಲವೇ ವರ್ಷಗಳಲ್ಲಿ ಮದರಾಸಿನ ಬಿನ್ನಿ ಕಂಪನಿಯ ಕೈಸೇರಿತು. ಬಕಿಂಗ್‌ಹ್ಯಾಂ ಮತ್ತು ಕರ್ನಾಟಿಕ್ ಎಂಬ ಎರಡು ಗಿರಣಿಗಳನ್ನು ಅದಾಗಲೇ ನಡೆಸುತ್ತಿದ್ದ ಆ ವರ್ತಕ ಸಂಸ್ಥೆಯ ಹೆಸರೇ ಗಿರಣಿಗೂ ಪೇಟೆಗೂ ಕೆರೆಗೂ ಅಂಟಿಕೊಂಡಿತು. ಕಡೆಗೊಂದು ವಿಧಾನಸಭಾ ಕ್ಷೇತ್ರಕ್ಕೂ ಬಂದು, 2008ರ ಕ್ಷೇತ್ರ ಪುನರ್ವಿಂಗಡಣೆಯವರೆಗೆ ಉಳಿಯಿತು.

ತಮಿಳು, ತೆಲುಗು, ಕನ್ನಡ, ಉರ್ದು ನುಡಿಯುವ ಕುಟುಂಬಗಳು ಗಿರಣಿಯ ಸುತ್ತ ಗೂಡು ಕಟ್ಟಿದವು. ಶ್ರೀರಾಮಪುರ, ಓಕಳಿಪುರ, ಗೋಪಾಲಪುರ, ಬಕ್ಷಿ ಗಾರ್ಡನ್ನಿನ ಓಣಿಗಳಲ್ಲಿ ಒಂದೇ ಅಂಗಳಕ್ಕೆ ಬಾಗಿಲು ತೆರೆಯುವ ವಠಾರಗಳೆದ್ದವು. 1898ರ ಪ್ಲೇಗು ಈ ಜನವನ್ನು ಚದುರಿಸಿತು. ಉಳಿದವರು ಮರಳಿ ಬಂದರು. 1942ರ ಆಗಸ್ಟಿನಲ್ಲಿ ಇವರೇ ಮಗ್ಗ ನಿಲ್ಲಿಸಿ ಬೀದಿಗಿಳಿದರು. ಇವರ ಪರವಾಗಿ ನಿಂತ ಕೆ. ಟಿ. ಭಾಷ್ಯಂ ಅವರು 1947ರಲ್ಲಿ ಮೈಸೂರಿನ ಮೊದಲ ಜನತಾ ಸರಕಾರದಲ್ಲಿ ಮಂತ್ರಿಗಳಾದರು. ಭಾಷ್ಯಂ ವೃತ್ತದಲ್ಲಿ ದಿನವೂ ಬಸ್ಸಿಳಿಯುವ ಸಾವಿರಾರು ಜನರ ಬಾಯಲ್ಲಿ ಅವರ ಹೆಸರು ಇಂದಿಗೂ ಇದೆ.

ಹಗರಿಯ ದಂಡೆಯಿಂದ

ನಮ್ಮ ಊರು ರಾಯದುರ್ಗ ಸೀಮೆಯ ಗುಮ್ಮಘಟ್ಟ. ಹಗರಿಯೆಂದು ನಾವು ಕರೆಯುವ ವೇದಾವತಿಗೆ ಭೈರವಾನಿತಿಪ್ಪದಲ್ಲಿ ಅಣೆಕಟ್ಟೆಯನ್ನು ಕಟ್ಟಿದ್ದರೂ, ಕಟ್ಟೆ ಕಟ್ಟಿದ ಮಾತ್ರಕ್ಕೆ ಮಳೆ ಬರುವುದಿಲ್ಲವಷ್ಟೆ. ರಾಯದುರ್ಗ ತಾಲೂಕು, ಆದೋನಿ ಆಲೂರುಗಳ ಜೊತೆಗೆ, ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟು 1953ರ ಅಕ್ಟೋಬರ್ 1ರಂದು ಆಂಧ್ರಕ್ಕೆ ಸೇರಿತು. ಅಂದಿನಿಂದ ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತೆಲುಗು. ಆದರೆ ಕಡಲೆಕಾಯಿ ಕೈಕೊಟ್ಟ ವರ್ಷ ಗುಳೆ ಹೊರಟವರ ಕಾಲು ಗಡಿರೇಖೆಯನ್ನು ಕೇಳಲಿಲ್ಲ. ಅದು ಬೆಂಗಳೂರಿನ ದಾರಿಯನ್ನೇ ಹಿಡಿಯಿತು.

ಹಾಗೆ ಬಂದವರಲ್ಲಿ ನನ್ನ ಚಿಕ್ಕಪ್ಪನೂ ಒಬ್ಬನು. ಬಿನ್ನಿ ಗಿರಣಿಯಲ್ಲಿ ಅವನು ಬದಲಿ ಕೂಲಿ. ಬದಲಿಯೆಂದರೆ ಖಾಯಂ ಕೆಲಸಗಾರನು ಬಾರದ ದಿನ ಅವನ ಮಗ್ಗಕ್ಕೆ ನಿಲ್ಲುವವನು. ಮಿಲ್ಲಿನ ಕೂಗು ಆಗುವ ಮುನ್ನವೇ ಗೇಟಿನ ಬಳಿ ಚೀಟಿ ಹಿಡಿದು ನಿಲ್ಲಬೇಕು. ಮೇಸ್ತ್ರಿಯ ಬೆರಳು ತನ್ನ ಕಡೆಗೆ ತಿರುಗಿದರೆ ಅಂದು ಕೂಲಿ, ತಿರುಗದಿದ್ದರೆ ಅರಳೆಪೇಟೆಯ ಮಂಡಿಗಳಲ್ಲಿ ಮೂಟೆ. ಹೀಗೆ ವರ್ಷಗಟ್ಟಲೆ ನಿಂತ ಮೇಲೆ ಅವನಿಗೆ ಖಾಯಂ ಆಯಿತು.

ನೂಲು ಒಣಗಿದರೆ ಹರಿಯುತ್ತದೆಂದು ಮಗ್ಗದ ಶಾಲೆಯಲ್ಲಿ ಗಾಳಿಯನ್ನು ಸದಾ ತೇವವಾಗಿಟ್ಟಿರುತ್ತಿದ್ದರಂತೆ. ಆ ಬೆವರಿನ ಕಾವಿನಲ್ಲಿ, ಲಾಳಿ ಹಾಸಿನ ನಡುವೆ ಅತ್ತಿಂದಿತ್ತ ಸಿಡಿಯುವ ಕಿವಿಗಡಚಿಕ್ಕುವ ಸದ್ದಿನಲ್ಲಿ, ಕಂಡಿಕೆಯ ನೂಲು ಮುಗಿಯುವ ಕ್ಷಣವನ್ನು ಕಣ್ಣಿನಿಂದಲೇ ಅರಿತು ಬದಲಿಸಬೇಕು. ಮಾತು ಕೇಳಿಸದು, ತುಟಿಯ ಅಲುಗಾಟವನ್ನೂ ಕೈಸನ್ನೆಯನ್ನೂ ಓದಬೇಕು. ಮುಪ್ಪಿನಲ್ಲಿ ಊರಿಗೆ ಬಂದಾಗಲೂ ಚಿಕ್ಕಪ್ಪನು ಎದುರಿಗೆ ಕುಳಿತವರ ತುಟಿಯನ್ನೇ ನೋಡುತ್ತಿದ್ದನು.

ಅವನ ಟ್ರಂಕಿನಲ್ಲಿದ್ದ ಮಿಲ್ಲಿನ ಕಂಬಳಿ ಈಗ ನನ್ನ ಬಳಿ ಇದೆ. ಬೂದುಬಣ್ಣದ ಒತ್ತಾದ ಉಣ್ಣೆ. ಕೈಯಾಡಿಸಿದರೆ ಒಂದು ದಿಕ್ಕಿಗೆ ನಯ, ಇನ್ನೊಂದು ದಿಕ್ಕಿಗೆ ಒರಟು. ಅಂಚಿನಲ್ಲಿ ಚಿಕ್ಕಮ್ಮ ಎಲ್ಲಿಯದೋ ಕೆಂಪು ದಾರದಲ್ಲಿ ಹೊಲಿದ ತೇಪೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಸೈನಿಕರಿಗೆ ಇಂಥ ಕಂಬಳಿಗಳು ಇಲ್ಲಿಂದಲೇ ಹೋದವು. ಚಳ್ಳಕೆರೆಯ ಸಂತೆಯಲ್ಲಿ ಕೊಂಡ ಕುರಿಯುಣ್ಣೆಯ ಕರಿಕಂಬಳಿಯನ್ನು ಹೊದ್ದು ಬೆಳೆದ ನಮ್ಮ ಸೀಮೆಯವನು, ಯಂತ್ರದಲ್ಲಿ ಅದೇ ಉಣ್ಣೆಯ ಇನ್ನೊಂದು ರೂಪವನ್ನು ಕಂಡು ಬೆರಗಾಗಿದ್ದುದನ್ನು ಅವನ ಬಾಯಲ್ಲಿ ಕೇಳಿದ್ದೇನೆ. ನೇಯುವವರಿಗೆ ತಮ್ಮ ಬಟ್ಟೆಯ ಮೇಲೆ ಒಂದು ಅಭಿಮಾನವಿರುತ್ತದೆ. ಅದು ಸಂಬಳದಿಂದ ಬರುವಂಥದಲ್ಲ.

ಬಟ್ಟೆಗಿಂತ ನೆಲಕ್ಕೆ ಬೆಲೆ

ಗಿರಣಿಗಳು ಒಂದೇ ಏಟಿಗೆ ಸಾಯಲಿಲ್ಲ. ಹಳೆಯ ಯಂತ್ರಗಳಿಗೆ ಹೊಸ ಬಂಡವಾಳ ಬೀಳಲಿಲ್ಲ. ಕಡಿಮೆ ಕೂಲಿಗೆ, ಕಾಯಿದೆಯ ಹಂಗಿಲ್ಲದೆ ದುಡಿಯುವ ವಿದ್ಯುತ್ ಮಗ್ಗಗಳು ಓಣಿ ಓಣಿಗಳಲ್ಲಿ ಹಬ್ಬಿದವು. ಕೃತಕ ನೂಲು ಹತ್ತಿಯ ಮಾರುಕಟ್ಟೆಯನ್ನು ಕಸಿಯಿತು. ಎಲ್ಲಕ್ಕಿಂತ ಮಿಗಿಲಾಗಿ, ಊರಾಚೆಯಿದ್ದ ಗಿರಣಿಯು ನಗರ ಬೆಳೆದಂತೆ ಊರ ನಡುವಿಗೆ ಬಂದುಬಿಟ್ಟಿತು. ಒಂದು ವರ್ಷ ನೆಯ್ದ ಬಟ್ಟೆಯ ಲಾಭಕ್ಕಿಂತ, ಮಗ್ಗವನ್ನು ಕಿತ್ತುಹಾಕಿದ ನೆಲದ ಬೆಲೆಯೇ ಹೆಚ್ಚೆಂದು ಲೆಕ್ಕ ತೋರಿಸಿದ ದಿನವೇ ಗಿರಣಿಯ ವಿಧಿ ನಿರ್ಧಾರವಾಯಿತು. ರುಗ್ಣ ಉದ್ಯಮಗಳ 1985ರ ಕಾಯಿದೆಯಾದರೋ ಉದ್ಯಮವನ್ನು ಬದುಕಿಸಬೇಕೆಂಬ ಉದ್ದೇಶದಿಂದ ಬಂದುದು. ಸಾಲ ತೀರಿಸಲು ಆಸ್ತಿಯನ್ನು ಮಾರುವ ದಾರಿಯೂ ಅದರಲ್ಲಿಯೇ ಇತ್ತು.

ಮದರಾಸಿನ ಬಿನ್ನಿ ಗಿರಣಿಗಳು 1996ರಲ್ಲಿ ಬಾಗಿಲೆಳೆದುಕೊಂಡವು. ಈ ಶತಮಾನದ ಮೊದಲ ವರ್ಷಗಳ ಹೊತ್ತಿಗೆ ಇಲ್ಲಿಯ ಮಗ್ಗಗಳೂ ನಿಂತಿದ್ದವು. ಕೆಲಕಾಲ ಆ ಬಯಲು ರಾಜಕೀಯ ಸಭೆಗಳಿಗೂ ಪ್ರದರ್ಶನಗಳಿಗೂ ಮೈದಾನವಾಯಿತು. ಆಮೇಲೆ ಬೇಲಿ ಬಿದ್ದಿತು, ಪಾಯ ತೋಡಿದರು. ಶಾಪೂರ್ಜಿ ಪಲ್ಲೋಂಜಿ ಸಂಸ್ಥೆಯ ಪಾರ್ಕ್‌ವೆಸ್ಟ್ ಗೋಪುರಗಳು ಸುಮಾರು 46 ಎಕರೆಯ ವಿಸ್ತಾರದಲ್ಲಿ ಎದ್ದವು. ರಾಜಾಮಿಲ್ಲಿನ ನೆಲದಲ್ಲಿ 2010ರಲ್ಲಿ ಮಂತ್ರಿ ಸ್ಕ್ವೇರ್ ಮಾಲು ತೆರೆಯಿತು. 2014ರಲ್ಲಿ ಅದರ ಮಗ್ಗುಲಿಗೇ ಮೆಟ್ರೋ ಬಂದಿತು. ಬಿನ್ನಿಪೇಟೆಯ ನೆರೆಯ ಮಾಗಡಿ ರಸ್ತೆಗೆ ಮೆಟ್ರೋ ಬಂದದ್ದು 2015ರ ನವೆಂಬರಿನಲ್ಲಿ.

[ಚೌಕಟ್ಟು] ಮುಂಬಯಿಯ ಮೂರು ಪಾಲು
*1982ರ ಜನವರಿ 18ರಂದು ದತ್ತಾ ಸಾಮಂತರ ನೇತೃತ್ವದಲ್ಲಿ ಮುಂಬಯಿಯ ಸುಮಾರು ಎರಡೂವರೆ ಲಕ್ಷ ಗಿರಣಿ ಕಾರ್ಮಿಕರು ಮುಷ್ಕರ ಹೂಡಿದರು. ಬಹುತೇಕ ಗಿರಣಿಗಳು ಮತ್ತೆ ಚೇತರಿಸಿಕೊಳ್ಳಲಿಲ್ಲ. ಆ ನಗರದ 1991ರ ಅಭಿವೃದ್ಧಿ ನಿಯಂತ್ರಣ ನಿಯಮಾವಳಿಯ 58ನೆಯ ನಿಯಮವು ಮಾರಾಟವಾಗುವ ಗಿರಣಿ ಭೂಮಿಯನ್ನು ಮೂರು ಪಾಲು ಮಾಡಿತು: ಒಂದು ಪಾಲು ನಗರಕ್ಕೆ ಬಯಲಾಗಿ, ಒಂದು ಪಾಲು ಸಾರ್ವಜನಿಕ ವಸತಿಗೆ, ಒಂದು ಪಾಲು ಮಾಲೀಕನಿಗೆ. 2001ರ ತಿದ್ದುಪಡಿಯು ಈ ಹಂಚಿಕೆಯನ್ನು ಕಟ್ಟಡವಿಲ್ಲದ ಖಾಲಿ ಜಾಗಕ್ಕೆ ಮಾತ್ರ ಸೀಮಿತಗೊಳಿಸಿತು. 2006ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಅದನ್ನು ಒಪ್ಪಿತು. ಪಾಲು ಕುಗ್ಗಿದರೂ, ಲಾಟರಿಯ ಮೂಲಕ ಸಾವಿರಾರು ಗಿರಣಿ ಕುಟುಂಬಗಳಿಗೆ ಮನೆ ದೊರೆತದ್ದು ಆ ನಿಯಮದ ಫಲ.*

ನೆರೆಯವರು, ಬಾಡಿಗೆದಾರರು

ಗೋಪುರಗಳಲ್ಲಿ ಬಂದು ನೆಲೆಸಿದವರ ಮೇಲೆ ನನಗೆ ಯಾವ ದ್ವೇಷವೂ ಇಲ್ಲ. ಜೀವಮಾನದ ಉಳಿತಾಯವನ್ನು ಸುರಿದು, ಇಪ್ಪತ್ತು ವರ್ಷದ ಸಾಲವನ್ನು ಹೊತ್ತು ಒಂದು ಸೂರನ್ನು ಮಾಡಿಕೊಂಡವರು ಅವರು. ಅವರಿಗೂ ಮಕ್ಕಳ ಶಾಲೆಯ ಚಿಂತೆಯಿದೆ, ಅವರೂ ಊರು ಬಿಟ್ಟು ಬಂದವರೇ. ಅವರು ಬಂದ ಮೇಲೆ ಬೀದಿಗೆ ದೀಪ ಬಂದಿದೆ, ಚರಂಡಿಗೆ ಮುಚ್ಚಳ ಬಿದ್ದಿದೆ, ಸಂಜೆಯ ಮೇಲೆ ಹೆಣ್ಣುಮಕ್ಕಳು ನಿರ್ಭಯವಾಗಿ ನಡೆಯುವಂತಾಗಿದೆ. ಇದನ್ನು ಕಾಣದವನಂತೆ ಬರೆಯುವುದು ಸತ್ಯಕ್ಕೆ ಬಗೆಯುವ ದ್ರೋಹ.

ಆದರೆ ಒಳಿತು ಬರುವಾಗ ಅದರ ಬೆಲೆಯನ್ನು ಕೊಡುವವರು ಯಾರು? ನಮ್ಮ ವಠಾರದಲ್ಲಿ ಒಂಬತ್ತು ಮನೆಗಳಿದ್ದವು. ನಡುವೆ ಒಂದು ನಲ್ಲಿ, ಒಂದು ತುಳಸಿಕಟ್ಟೆ, ಮೂಲೆಯಲ್ಲಿ ಬಟ್ಟೆ ಒಗೆಯುವ ಕಲ್ಲು. ಭೋಗ್ಯಕ್ಕೆ ಹಾಕಿಕೊಂಡವರ ಅವಧಿ ಮುಗಿದಂತೆ ಮಾಲೀಕರು ಹಣವನ್ನು ಹಿಂದಿರುಗಿಸಿ, ಒಬ್ಬೊಬ್ಬರನ್ನೇ ಬಿಡಿಸಿದರು. ಅವರದೂ ತಪ್ಪೆನ್ನಲಾರೆ, ತಂದೆಯ ಕಾಲದ ಹೆಂಚಿನ ಮನೆಗಳ ಬಾಡಿಗೆಯಲ್ಲಿ ನಾಲ್ಕು ಜನ ಅಣ್ಣತಮ್ಮಂದಿರು ಹೇಗೆ ಬದುಕಿಯಾರು? ವಠಾರದ ಜಾಗದಲ್ಲಿ ಈಗ ಒಂಟಿ ಯುವಕರಿಗೆ ಮಂಚದ ಲೆಕ್ಕದಲ್ಲಿ ಬಾಡಿಗೆ ಕೊಡುವ ಐದು ಅಂತಸ್ತಿನ ಕಟ್ಟಡವಿದೆ. ಹೊರಟವರಲ್ಲಿ ಕೆಲವರು ಸುಂಕದಕಟ್ಟೆಯ ಕಡೆಗೆ, ಕೆಲವರು ಇನ್ನೂ ಆಚೆ ಕೆಂಗೇರಿಯ ಕಡೆಗೆ ಹೋದರು. ಕೆಲಸ ಮಾತ್ರ ಇಲ್ಲಿಯೇ. ನಸುಕಿನ ಮೊದಲ ಬಸ್ಸು ಹಿಡಿದು ಅವರು ಅದೇ ಓಣಿಗೆ ಮರಳುತ್ತಾರೆ.

ಹೊರಡುವ ಮುನ್ನ ನೆರೆಮನೆಯ ವೃದ್ಧೆಯೊಬ್ಬರು, ನನ್ನ ಮನೆಯ ಬಾಗಿಲಲ್ಲಿ ನಿಂತು, "ಎಲ್ಲಿಗೆ ಹೋದ್ರೂ ಬಾಡಿಗೆನೇ ಅಲ್ವಾ ಮಗಾ, ಆದ್ರೆ ಅಲ್ಲಿ ಸತ್ರೆ ಬರೋರ್ ಯಾರು?" ಎಂದರು. ಬಾಡಿಗೆಯ ಪಟ್ಟಿಯಲ್ಲಿ ಬರೆಯಲಾಗದ ಒಂದು ಆಸ್ತಿ ಅದು: ಜ್ವರ ಬಂದ ರಾತ್ರಿ ಬಾಗಿಲು ತಟ್ಟಬಹುದಾದ ಮನೆ, ಸಂಬಳ ತಡವಾದ ತಿಂಗಳು ಅಕ್ಕಿಯನ್ನು ಕಡ ಕೊಡುವ ಅಂಗಡಿ, ಕರಗದ ರಾತ್ರಿ ಅರಳೆಪೇಟೆಯ ಮಸ್ತಾನ್ ಸಾಹೇಬರ ದರ್ಗಾದ ಮುಂದೆ ಒಟ್ಟಿಗೆ ನಿದ್ದೆಗೆಟ್ಟು ಕಾಯುವ ಜನ. ಕುಟುಂಬವನ್ನು ಬೇರೆಡೆಗೆ ಕಳುಹಿಸಬಹುದು. ಇದನ್ನು ಲಾರಿಯಲ್ಲಿ ಹೇರಿ ಕಳುಹಿಸಲಾಗುವುದಿಲ್ಲ.

ಲಂಡನ್ನಿನ ದುಡಿಯುವ ಜನರ ಬಡಾವಣೆಗಳನ್ನು ಮಧ್ಯಮವರ್ಗದವರು ಒಂದೊಂದಾಗಿ ಕೊಂಡು ನೆಲೆಸುತ್ತಿರುವುದನ್ನು, ಒಮ್ಮೆ ಆರಂಭವಾದರೆ ಮೂಲನಿವಾಸಿಗಳೆಲ್ಲ ಹೊರಬೀಳುವವರೆಗೆ ಅದು ನಿಲ್ಲದಿರುವುದನ್ನು, ಸಮಾಜಶಾಸ್ತ್ರಜ್ಞೆ ರೂತ್ ಗ್ಲಾಸ್ 1964ರಲ್ಲಿಯೇ ಗುರುತಿಸಿದ್ದರು. ಅಲ್ಲಿ ಹಳೆಯ ಮನೆಗಳನ್ನಾದರೂ ಉಳಿಸಿ ದುರಸ್ತಿ ಮಾಡಿಕೊಂಡರು. ಇಲ್ಲಿ ಮನೆಯೂ ಉಳಿಯುವುದಿಲ್ಲ, ಗಿರಣಿಯ ಒಂದು ಇಟ್ಟಿಗೆಯ ಗೋಡೆಯೂ ಉಳಿಯುವುದಿಲ್ಲ. ಇಲ್ಲೊಂದು ಗಿರಣಿಯಿತ್ತೆಂದು ಹೇಳುವ ಫಲಕವನ್ನು ಕೂಡ ನಾನು ಈ ಬೀದಿಯಲ್ಲಿ ಕಾಣಲಿಲ್ಲ.

ಹೊಲಿಗೆ ಊರಿಗೆ ಹೋಯಿತು

ಕಾಲದ ಇನ್ನೊಂದು ತಿರುವನ್ನು ಇಲ್ಲಿ ಹೇಳಲೇಬೇಕು. ಬಟ್ಟೆಯ ಕೆಲಸ ಹುಡುಕಿಕೊಂಡು ನಮ್ಮವರು ಬೆಂಗಳೂರಿಗೆ ಬಂದರು. ಬೆಂಗಳೂರಿನ ಗಿರಣಿ ಮುಚ್ಚಿದ ಕಾಲಕ್ಕೆ ಬಟ್ಟೆಯ ಕೆಲಸವೇ ನಮ್ಮೂರ ಕಡೆಗೆ ಹೋಯಿತು. ಬಳ್ಳಾರಿಯ ಜೀನ್ಸ್ ಉದ್ಯಮದ ಹೊಲಿಗೆಯು ರಾಯದುರ್ಗದ ಮನೆ ಮನೆಗೂ ಹಬ್ಬಿದೆ. ಗುಮ್ಮಘಟ್ಟದಿಂದ ಹೊರಡುವ ಹುಡುಗರು ಇಂದು ರಾಯದುರ್ಗದ ಓಣಿಗಳಲ್ಲಿಯೇ ಒಂದು ಪ್ಯಾಂಟಿಗೆ ಇಷ್ಟೆಂಬ ಲೆಕ್ಕದಲ್ಲಿ ಹೊಲಿಗೆಯಂತ್ರ ತುಳಿಯುತ್ತಾರೆ. ನೀಲಿ ಬಣ್ಣ ಅವರ ಉಗುರಿನ ಸಂದಿಯಿಂದ ಹೋಗುವುದೇ ಇಲ್ಲ.

ಊರಿನಲ್ಲಿಯೇ ಅನ್ನ ಸಿಕ್ಕಿತೆಂಬುದು ಸಂತೋಷದ ಸಂಗತಿ. ಆದರೆ ಚಿಕ್ಕಪ್ಪನಿಗೆ ದೊರೆತ ಖಾಯಂ ಕೆಲಸ, ಭವಿಷ್ಯನಿಧಿ, ಇ.ಎಸ್.ಐ. ಆಸ್ಪತ್ರೆ, ಸಂಘದ ಚೀಟಿ ಇವು ಹೊಲಿಗೆಯ ಜೊತೆಗೆ ಊರಿಗೆ ಹೋಗಲಿಲ್ಲ. ಅವುಗಳಿಗಾಗಿ ಮೂರು ತಲೆಮಾರು ಹೋರಾಡಿದ್ದು ಬಿನ್ನಿಪೇಟೆಯಂಥ ಬೀದಿಗಳಲ್ಲಿ. ಒಂದು ಬಡಾವಣೆಯ ಗುರುತು ಅಳಿದಾಗ ಇಂಥ ಹಕ್ಕುಗಳು ಎಲ್ಲಿಂದ ಬಂದವೆಂಬ ನೆನಪೂ ಅಳಿಯುತ್ತದೆ. ಆ ನೆನಪಿಲ್ಲದ ಹುಡುಗನು ತನಗೆ ಅವು ಸಲ್ಲಬೇಕೆಂದು ಕೇಳುವುದನ್ನೂ ಅರಿಯನು.

ಇನ್ನೂ ಉಳಿದಿರುವ ನೆಲ

ಬಿನ್ನಿ ಹೋಯಿತು, ರಾಜಾಮಿಲ್ಲು ಹೋಯಿತು, ಮಿನರ್ವ ಹೋಯಿತು. ಆದರೆ ಎಲ್ಲವೂ ಮುಗಿದುಹೋಗಿಲ್ಲ. ಮಲ್ಲೇಶ್ವರದಲ್ಲಿ, ಮಿರ್ಜಾ ಇಸ್ಮಾಯಿಲರು ದಿವಾನರಾಗಿದ್ದ 1936ರಲ್ಲಿ ಹುಟ್ಟಿದ ಮೈಸೂರು ಲ್ಯಾಂಪ್ಸ್ ಕಾರ್ಖಾನೆಯ ನೆಲವು ಸಾರ್ವಜನಿಕರದಾಗಿಯೇ ಉಳಿದಿದೆ. ಅಲ್ಲಿ ಬೆಂಗಳೂರಿನ ಪರಂಪರೆಯನ್ನು ಪರಿಚಯಿಸುವ ಕೇಂದ್ರವನ್ನು ಸ್ಥಾಪಿಸುವ ಯೋಜನೆಯನ್ನು ಸರಕಾರ ಪ್ರಕಟಿಸಿದೆ. ಬೈಯಪ್ಪನಹಳ್ಳಿಯಲ್ಲಿ, ಮುಚ್ಚಿಹೋದ ಎನ್‌ಜಿಇಎಫ್ ಕಾರ್ಖಾನೆಯ ನೆಲದ ಸುಮಾರು 65 ಎಕರೆಯಲ್ಲಿ, ಹಳೆಯ ಕಾರ್ಖಾನೆಯ ಕಟ್ಟಡಗಳನ್ನೂ ಬಳಸಿಕೊಂಡು ವೃಕ್ಷೋದ್ಯಾನವನ್ನು ಮಾಡಲು ಸಂಪುಟ ಒಪ್ಪಿದೆ. ಇವು ಶ್ಲಾಘ್ಯವಾದ ನಿರ್ಧಾರಗಳೇ. ಆದರೆ ಮರವೂ ವಸ್ತುಸಂಗ್ರಹಾಲಯವೂ ಸಾಕಾಗವು. ಆ ಬಡಾವಣೆಗಳ ದುಡಿಯುವ ಕುಟುಂಬಗಳು ಅಲ್ಲಿಯೇ ನೆಲೆಸಲು ಕೈಗೆಟುಕುವ ಬಾಡಿಗೆಯ ಮನೆಗಳಿಗೂ ಅಲ್ಲೊಂದು ಪಾಲು ಬೇಕು. ಮುಂಬಯಿಗೆ ಅರೆಮನಸ್ಸಿನಿಂದಲಾದರೂ ಸಾಧ್ಯವಾದುದು ನಮಗೆ ಅಸಾಧ್ಯವೇನಲ್ಲ.

ಸಾರ್ವಜನಿಕ ಕೈಗಾರಿಕೆಯ ನೆಲವಾಗಲಿ, ಖಾಸಗಿ ಗಿರಣಿಯ ನೆಲವಾಗಲಿ, ನಗರ ಯೋಜನೆಯಲ್ಲಿ ಕೈಗಾರಿಕೆಗೆಂದು ಗುರುತಿಸಿದುದನ್ನು ವಸತಿಗೋ ವಾಣಿಜ್ಯಕ್ಕೋ ಬದಲಿಸಬೇಕಾದರೆ, ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆಯ 14-ಎ ಪ್ರಕರಣದ ಪ್ರಕಾರ ದಿನಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು ಜನರ ಆಕ್ಷೇಪಣೆಗಳನ್ನು ಕರೆಯಬೇಕು. ಆ ಪ್ರಕಟಣೆಗಳು ಒಳಪುಟದ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಬರುತ್ತವೆ. ಬರೆಯಲು ದೊರೆಯುವ ಕಾಲಾವಕಾಶ ಕೆಲವೇ ದಿನಗಳದು. ನಿಮ್ಮ ಬಡಾವಣೆಯಲ್ಲಿ ಮುಚ್ಚಿದ ಕಾರ್ಖಾನೆಯೊಂದಿದ್ದರೆ, ಓದುಗರೇ, ಆ ಮೂಲೆಯನ್ನು ದಯವಿಟ್ಟು ಓದಿ. ಅಲ್ಲಿ ದುಡಿದವರಿಗೆ ಮನೆಯ ಪಾಲೆಷ್ಟು ಎಂದು ಕೇಳಿ, ಒಂದು ಹಾಳೆಯಲ್ಲಿ ಬರೆದು, ಸಹಿ ಮಾಡಿ ಕಳುಹಿಸಿ.